ಬಳ್ಳಿಗಾವಿಯ ಪುಸ್ತಕ ಆದದ್ದು ಹೀಗೆ

ಬಳ್ಳಿಗಾವಿಯ ಶಾಸನಗಳ ಮೇಲೆ ನಾನು ಬರೆದ ಪುಸ್ತಕದ ಕಟ್ಟು ಮನೆಗೆ ಬಂದ ದಿನ ನಾನು ಮುಖಪುಟವನ್ನು ನೋಡಲೇ ಇಲ್ಲ. ಮೇಲಿನ ಪ್ರತಿ ಎಳೆದುಕೊಂಡು ನೇರವಾಗಿ 61ನೇ ಪುಟ ತೆಗೆದೆ. ಅಲ್ಲಿ ‘ಗೞ್ದೆ’ ಅನ್ನುವ ಪದ ಇದೆ. ನಡುವಿನ ಅಕ್ಷರ ಸರಿಯಾಗಿ ಬಿದ್ದಿದೆಯಾ ಅಂತ ಬೆರಳಿಟ್ಟು ನೋಡಿದೆ. ಬಿದ್ದಿತ್ತು. ಆಮೇಲೆ ಕುರ್ಚಿಯಲ್ಲಿ ಕೂತೆ.

ಗೞ್ದೆ ಅಂದರೆ ಬೇರೇನಲ್ಲ, ನಮ್ಮ ಗದ್ದೆ. ಸಾವಿರ ವರ್ಷದ ಹಿಂದೆ ಅದನ್ನು ಹಾಗೆ ಬರೆಯುತ್ತಿದ್ದರು. ಮುಂದೆ ಗರ್ದೆ ಆಯಿತು, ಆಮೇಲೆ ಗದ್ದೆ ಆಯಿತು. ೞ ಅನ್ನುವ ಅಕ್ಷರ ನಮ್ಮ ಬಾಯಿಂದಲೂ ಹೋಯಿತು, ವರ್ಣಮಾಲೆಯಿಂದಲೂ ಹೋಯಿತು. ಆದರೆ ಕಲ್ಲಿನ ಮೇಲೆ ಅದು ಈಗಲೂ ಇದೆ. ಕಲ್ಲಿನಲ್ಲಿ ಇರುವುದು ಪುಸ್ತಕದಲ್ಲೂ ಇರಬೇಕು, ಅಲ್ವಾ?

ನಾನು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ಶಾಸನ ಓದುವುದು ನನ್ನ ಉದ್ಯೋಗ ಅಲ್ಲ. ಒಂದು ದಿನ ತರಗತಿಯಲ್ಲಿ ಅಲ್ಲಮನ ವಚನ ಹೇಳುತ್ತಿದ್ದೆ. ಹರಿಹರನ ರಗಳೆಯಲ್ಲಿ ಅಲ್ಲಮ ಬಳ್ಳಿಗಾವಿಯಲ್ಲಿ ಮದ್ದಳೆ ಬಾರಿಸುವವನು ಅಂತ ಬರುತ್ತದೆ, ಅದನ್ನೂ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಆ ಕಾಲದಲ್ಲಿ ಮದ್ದಳೆ ಬಾರಿಸುವವರಿಗೆ ಊಟಕ್ಕೆ ಏನು ಮಾಡ್ತಿದ್ರು ಮೇಡಂ?’ ನನಗೆ ಉತ್ತರ ಗೊತ್ತಿರಲಿಲ್ಲ. ನೋಡಿ ಹೇಳುತ್ತೇನೆ ಅಂದೆ. ನೋಡಿ ಹೇಳುವುದಕ್ಕೆ ಆರು ವರ್ಷ ಹಿಡಿಯಿತು.

ಬಳ್ಳಿಗಾವಿ ಇರುವುದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಪಕ್ಕ. ಈಗ ಸಣ್ಣ ಹಳ್ಳಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಪನ್ನಿರ್ಚ್ಛಾಸಿರ, ಅಂದರೆ ಬನವಾಸಿ ಹನ್ನೆರಡು ಸಾವಿರ ಅನ್ನುವ ನಾಡಿನ ರಾಜಧಾನಿ. ಬಸ್ಸಿಳಿದು ನಡೆದರೆ ಸಿಗುವುದು ಮನೆ, ಕಣ, ಅಡಿಕೆ ತೋಟ, ಮತ್ತೆ ನಡುವೆ ಎಲ್ಲೆಂದರಲ್ಲಿ ಕೆತ್ತಿದ ಕಲ್ಲು. ಕೆರೆಯ ಪಕ್ಕದಲ್ಲಿ ಮೂರು ಗರ್ಭಗುಡಿಯ ಕೇದಾರೇಶ್ವರ ದೇವಸ್ಥಾನ. ಊರೊಳಗೆ ತ್ರಿಪುರಾಂತಕೇಶ್ವರ. ಇನ್ನೊಂದು ಕಡೆ ಮೂವತ್ತು ಅಡಿಯಷ್ಟು ಎತ್ತರದ ಕಂಬ, ಅದರ ತುದಿಯಲ್ಲಿ ಮನುಷ್ಯನ ಮೈ, ಎರಡು ತಲೆಯ ಗಂಡಭೇರುಂಡ. ಆಗ ಬನವಾಸಿ ನಾಡನ್ನು ಆಳುತ್ತಿದ್ದ ಚಾಮುಂಡರಾಯರಸ ಅದನ್ನು ನಿಲ್ಲಿಸಿದ್ದು 1047ರಲ್ಲಿ.

ಮೊದಲ ವರ್ಷ ಪೂರ್ತಿ ನಾನು ಮಾಡಿದ್ದು ಓದುವ ಕೆಲಸ ಒಂದೇ. ಈ ನಾಡಿನ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳು ಈಗ ಫೋನಿನಲ್ಲೇ ಸಿಗುತ್ತವೆ. ಶಿಕಾರಿಪುರ ತಾಲ್ಲೂಕು ಇರುವುದು ಏಳನೆಯ ಸಂಪುಟದಲ್ಲಿ, ಅದು ಅಚ್ಚಾದದ್ದು 1902ರಲ್ಲಿ. ಬೆಂಗಳೂರಿನಲ್ಲೇ ಹುಟ್ಟಿದ ಮನುಷ್ಯ ಅವರು. ಕನ್ನಡ ಅಕ್ಷರದಲ್ಲಿ ಪಾಠ, ರೋಮನ್ ಅಕ್ಷರದಲ್ಲಿ ಅದೇ ಪಾಠ, ಜೊತೆಗೆ ಇಂಗ್ಲಿಷ್ ಅನುವಾದ ಕೊಟ್ಟಿದ್ದಾರೆ. ಇನ್ನೂ ಒಂದು ವಿಷಯ ಓದುತ್ತಾ ಗೊತ್ತಾಯಿತು. ಎತ್ತಿನ ಗಾಡಿ, ಕುದುರೆಯ ಕಾಲದಲ್ಲಿ, 1865ರ ಸುಮಾರಿಗೆ, ಮೇಜರ್ ಡಿಕ್ಸನ್ ಅನ್ನುವವರು ಮೈಸೂರು ಸೀಮೆಯ ಶಾಸನಗಳ ಫೋಟೋ ತೆಗೆದಿದ್ದರು. ರೈಸ್ ಅವರು ಮೊದಲು ಕೈ ಹಚ್ಚಿದ್ದು ಆ ಫೋಟೋಗಳಿಗೆ. 1879ರ ಅವರ ಪುಸ್ತಕ ಹುಟ್ಟಿದ್ದು ಹಾಗೆ. ಅವರ ಬಗ್ಗೆ ನನಗೆ ತುಂಬಾ ಗೌರವ. ಅವರು ಆ ಕೆಲಸ ಮಾಡದೆ ಇದ್ದಿದ್ದರೆ ನನ್ನಂಥವರು ಎಲ್ಲಿಂದ ಶುರು ಮಾಡಬೇಕಿತ್ತು?

ಆದರೆ ಅಚ್ಚಾದ ಪಾಠ ಓದಿ ಪುಸ್ತಕ ಬರೆದರೆ ಅದು ಪುಸ್ತಕದ ಮೇಲೆ ಬರೆದ ಪುಸ್ತಕ ಆಗುತ್ತದೆ. ನನಗೆ ಶಾಸನ ಓದಲು ಕಲಿಸಿದ ಗುರುಗಳು ಮೊದಲ ದಿನವೇ ಇದನ್ನು ಹೇಳಿದ್ದರು. ನಿವೃತ್ತರು, ಎಂಬತ್ತು ದಾಟಿದವರು. ‘ಕಲ್ಲಿನ ಹತ್ತಿರ ಹೋಗು. ಒಂದು ಸಲ ಬೆಳಿಗ್ಗೆ ಹೋಗು, ಇನ್ನೊಂದು ಸಲ ಸಂಜೆ ಹೋಗು’ ಅಂದರು. ಯಾಕೆ ಅಂತ ಅವತ್ತು ತಿಳಿಯಲಿಲ್ಲ. ನಡು ಮಧ್ಯಾಹ್ನ ಹೋದಾಗ ತಿಳಿಯಿತು. ನೆತ್ತಿಯ ಮೇಲೆ ಬಿಸಿಲಿದ್ದಾಗ ಇಡೀ ಕಲ್ಲು ಬೋಳಾಗಿ ಕಾಣುತ್ತದೆ. ಬೆಳಿಗ್ಗೆ ಏಳು ಗಂಟೆಗೆ ಓರೆ ಬಿಸಿಲು ಬಿದ್ದರೆ ಅದೇ ಕಲ್ಲಿನಿಂದ ಸಾಲುಸಾಲಾಗಿ ಅಕ್ಷರ ಎದ್ದು ಬರುತ್ತವೆ. ಹಾಗೆ ಎದ್ದು ಬಂದದ್ದನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ತುಂಬಿತು.

ಓದುವುದು ಸುಲಭ ಅಂತ ಯಾರೂ ತಿಳಿಯಬಾರದು. ಹನ್ನೊಂದು, ಹನ್ನೆರಡನೆಯ ಶತಮಾನದ ಕನ್ನಡ ಲಿಪಿ ಗುಂಡಗೆ, ಮುದ್ದಾಗಿ ಇರುತ್ತದೆ. ನೋಡಿದ ತಕ್ಷಣ ಓದಬಹುದು ಅನ್ನಿಸುತ್ತದೆ. ಆದರೆ ಪದ ಪದದ ನಡುವೆ ಜಾಗ ಇರುವುದಿಲ್ಲ. ಎಲ್ಲಿ ಮುರಿಯಬೇಕು ಅನ್ನುವುದು ಓದುವವರ ತಲೆಗೆ ಬಿಟ್ಟದ್ದು. ಪ, ವ, ಮ ಒಂದಕ್ಕೊಂದು ಹತ್ತಿರ. ದ ಮತ್ತು ಧ ನಡುವೆ ಇರುವುದು ಒಂದು ಸಣ್ಣ ಸೀಳು. ಎಲ್ಲಕ್ಕಿಂತ ಕಷ್ಟ ಸೊನ್ನೆ. ಅದು ಶಿಲ್ಪಿ ಕೊರೆದ ಸೊನ್ನೆಯೋ, ಮಳೆ ಕೊರೆದ ಗುಂಡಿಯೋ? ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ಎರಡು ವರ್ಷದ ಪುಟಗಳ ತುಂಬ ಪ್ರಶ್ನೆ ಚಿಹ್ನೆಗಳೇ ಇವೆ.

ಪಡಿಯಚ್ಚು ತೆಗೆಯುವುದನ್ನು, ಅಂದರೆ ಕಲ್ಲಿನ ಬರಹವನ್ನು ಕಾಗದಕ್ಕೆ ಇಳಿಸುವುದನ್ನು, ಕಲಿತದ್ದು ಮೂರನೆಯ ವರ್ಷ. ಕೇದಾರೇಶ್ವರದ ಆವರಣ ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಣೆಯಲ್ಲಿದೆ. ಅಲ್ಲಿನ ಕಲ್ಲಿಗೆ ಅನುಮತಿ ಇಲ್ಲದೆ ಮಸಿ, ಕಾಗದ ಹಚ್ಚುವಂತಿಲ್ಲ, ಹಚ್ಚಲೂಬಾರದು. ಅಲ್ಲಿ ನಾನು ಮಾಡಿದ್ದು ಓರೆ ಬೆಳಕಿನ ಫೋಟೋ ಮಾತ್ರ. ಪಡಿಯಚ್ಚು ತೆಗೆದದ್ದು ಅಲ್ಲಿಂದ ಸ್ವಲ್ಪ ದೂರದ ಇನ್ನೊಂದು ಹಳ್ಳಿಯಲ್ಲಿ, ಗದ್ದೆಯ ಬದುವಿನಲ್ಲಿ ನಿಂತಿದ್ದ ಒಂದು ವೀರಗಲ್ಲಿನಿಂದ. ಗದ್ದೆಯ ಯಜಮಾನರು ಒಪ್ಪಿದರು. ಅವರ ಅಮ್ಮ ಪ್ರತಿ ವರ್ಷ ಆ ಕಲ್ಲಿಗೆ ಎಣ್ಣೆ ಹಚ್ಚಿ ಪೂಜೆ ಮಾಡುತ್ತಿದ್ದರಂತೆ. ಹಾಗಾಗಿ ಎಣ್ಣೆ, ಧೂಳು ಸೇರಿ ಕಲ್ಲಿನ ಮೇಲೆ ಒಂದು ಪದರವೇ ಕೂತಿತ್ತು.

ಮೆತ್ತಗಿನ ಬ್ರಷ್ಷು, ಬರೀ ನೀರು. ತಂತಿ ಬ್ರಷ್ಷು ಮುಟ್ಟಬಾರದು, ಆಸಿಡ್ ಅಂತೂ ಬೇಡವೇ ಬೇಡ. ಸೀಮೆಸುಣ್ಣ ತಿಕ್ಕುವ ಅಭ್ಯಾಸ ಕೆಲವರಿಗೆ ಇದೆ. ದಯವಿಟ್ಟು ಮಾಡಬೇಡಿ, ಅಂಚು ಸವೆಯುತ್ತದೆ, ಪುಡಿ ಒಳಗೆ ಕೂರುತ್ತದೆ. ಒಂದು ಬೆಳಗು ಪೂರ್ತಿ ತೊಳೆದೆವು. ಆಮೇಲೆ ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಅಂಟಿಸಿ, ಗಾಳಿಯ ಗುಳ್ಳೆ ಉಳಿಯದ ಹಾಗೆ ಬ್ರಷ್ಷಿನಿಂದ ಮೆಲ್ಲಗೆ ಬಡಿಯಬೇಕು. ಬಡಿಯುತ್ತಾ ಬಡಿಯುತ್ತಾ ಕಾಗದ ಅಕ್ಷರದ ಹಳ್ಳದೊಳಗೆ ಇಳಿಯುತ್ತದೆ. ಜೋರಾಗಿ ಬಡಿದರೆ ಹರಿಯುತ್ತದೆ, ಮೆಲ್ಲಗಾದರೆ ಇಳಿಯುವುದಿಲ್ಲ. ಸ್ವಲ್ಪ ಆರಿದ ಮೇಲೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ತಟ್ಟಬೇಕು. ಎದ್ದ ಜಾಗ ಕಪ್ಪಾಗುತ್ತದೆ, ಇಳಿದ ಜಾಗ ಬಿಳಿಯಾಗಿ ಉಳಿಯುತ್ತದೆ. ಕರೀ ಕಾಗದದ ಮೇಲೆ ಬಿಳೀ ಅಕ್ಷರ.

ನನ್ನ ಮೊದಲ ಎರಡು ಕಾಗದ ಹರಿದವು. ಮೂರನೆಯದು ಬಂತು.

ಆ ವೀರಗಲ್ಲಿನಲ್ಲಿ ಮೂರು ಅಂತಸ್ತು. ಕೆಳಗೆ ಜಗಳ, ದನಗಳು, ಬಿಲ್ಲು ಹಿಡಿದ ಆಳು. ನಡುವೆ ಅವನನ್ನು ಇಬ್ಬರು ದೇವಕನ್ಯೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಬರಹ. ಸತ್ತವನ ಮನೆಯವರಿಗೆ ನೆತ್ತರುಗೊಡಗೆ, ಅಂದರೆ ದಾನದ ಭೂಮಿ, ಬಿಟ್ಟ ವಿಷಯ. ಅಲ್ಲೇ ನನಗೆ ಗೞ್ದೆ ಸಿಕ್ಕಿದ್ದು. ಮೊದಲು ಅದನ್ನು ‘ಗರ್ದೆ’ ಅಂತ ಓದಿದ್ದೆ. ಪಡಿಯಚ್ಚನ್ನು ಗುರುಗಳ ಮುಂದೆ ಹರಡಿದಾಗ ಅವರು ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದರು. ‘ಇದು ೞ. ಆಗಲೇ ಜನರ ಬಾಯಲ್ಲಿ ಅದು ಹೋಗುತ್ತಾ ಇತ್ತು, ಆದರೆ ಈ ಬರೆದವನು ಅದನ್ನು ಬಿಟ್ಟಿಲ್ಲ’ ಅಂದರು.

ಅದೇ ಕಲ್ಲಿನಲ್ಲಿ ಎರಡು ಸಾಲು ಕೆಳಗೆ ‘ಪೊನ್ನು’ ಬರಬೇಕಾದ ಜಾಗದಲ್ಲಿ ‘ಹೊನ್ನು’ ಇದೆ. ಅಂದರೆ ಒಂದು ಹಳೆಯ ಅಕ್ಷರವನ್ನು ಅವನು ಉಳಿಸಿಕೊಂಡಿದ್ದಾನೆ, ಇನ್ನೊಂದು ಕಡೆ ಊರಿನ ಜನ ಆಡುವ ಹಾಗೆ ಬರೆದಿದ್ದಾನೆ. ಪಕಾರ ಹೋಗಿ ಹಕಾರ ಬರುತ್ತಿದ್ದ ಕಾಲ ಅದು. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ವ್ಯಾಕರಣ ಬರೆಯುವಾಗ ರಳ (ಇದೇ ೞ), ಕುಳ, ಕ್ಷಳ ಅಂತ ವಿಂಗಡಿಸಿ ಯಾವ ಪದಕ್ಕೆ ಯಾವ ಳಕಾರ ಅಂತ ಹೇಳಬೇಕಾಯಿತು. ಜನ ಮರೆತಿದ್ದರಿಂದ ತಾನೇ ಹೇಳಬೇಕಾದದ್ದು? ಆ ಮರೆವು ನಡೆಯುತ್ತಿರುವಾಗಲೇ ನನ್ನ ವೀರಗಲ್ಲಿನ ಬರಹಗಾರ ಉಳಿ ಹಿಡಿದು ಕೂತಿದ್ದ. ನನಗೆ ಅವನ ಹೆಸರು ಗೊತ್ತಿಲ್ಲ. ಆದರೆ ಅವನು ಆಡುತ್ತಿದ್ದ ಮಾತು ಕೇಳಿದಂತೆ ಆಯಿತು.

ಕಾಲ ಲೆಕ್ಕ ಹಾಕುವ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಶಕವರ್ಷಕ್ಕೆ 78 ಸೇರಿಸಿದರೆ ಆಯಿತು ಅಂತ ಶಾಲೆಯಲ್ಲಿ ಓದಿರುತ್ತೇವೆ. ಅಷ್ಟು ಸಲೀಸಲ್ಲ. ಸಂವತ್ಸರದ ಹೆಸರು, ತಿಂಗಳು, ತಿಥಿ, ವಾರ, ಕೆಲವು ಸಲ ಸಂಕ್ರಾಂತಿ ಅಥವಾ ಗ್ರಹಣ, ಎಲ್ಲವೂ ಹೊಂದಬೇಕು. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಲಾದರೆ ಸಾಮಾನ್ಯವಾಗಿ ಶಕವರ್ಷವೇ ಇರುವುದಿಲ್ಲ, 1076ರಿಂದ ಶುರುವಾಗುವ ಅವನದೇ ಚಾಲುಕ್ಯ ವಿಕ್ರಮ ವರ್ಷ ಇರುತ್ತದೆ. 1922ರಲ್ಲಿ ಅಚ್ಚಾದ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳನ್ನು ಇಟ್ಟುಕೊಂಡು ರಾತ್ರಿಗಟ್ಟಲೆ ಕೂತೆ. ಕೆಲವು ಕಲ್ಲುಗಳಲ್ಲಿ ತಿಥಿ ಸರಿ ಬಂದರೆ ವಾರ ಬರುವುದಿಲ್ಲ. ಅಂಥ ಕಡೆ ‘ವಾರ ಹೊಂದುವುದಿಲ್ಲ’ ಅಂತಲೇ ಬರೆದೆ. ಎಳೆದು ಹೊಂದಿಸಲಿಲ್ಲ.

ಈಗ ನಾನು ಮಾಡಿದ ದೊಡ್ಡ ತಪ್ಪಿನ ವಿಷಯ.

ನಾಲ್ಕನೆಯ ವರ್ಷ ಹಸ್ತಪ್ರತಿ ತಯಾರಾಯಿತು. ನಾಲ್ಕು ಭಾಗ: ಇತಿಹಾಸ, ಕಲೆ, ಭಾಷೆ, ಧರ್ಮ. ಊರಿನ ಮೇಲೆ ಬರುವ ಪುಸ್ತಕಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ, ನಾನೂ ಹೀಗೇ ಮಾಡಿದ್ದೆ. ಕಂಬವನ್ನು ಕಲೆಯ ಭಾಗದಲ್ಲಿ ಇಟ್ಟೆ. ಚಾಮುಂಡರಾಯರಸನನ್ನು ಇತಿಹಾಸದಲ್ಲಿ ಇಟ್ಟೆ. ಬಸದಿಗಳನ್ನು ಧರ್ಮದಲ್ಲಿ ಇಟ್ಟೆ. ದತ್ತಿಯ ಅಳತೆಗಳನ್ನು ಕೊನೆಗೆ ಒಂದು ಅನುಬಂಧಕ್ಕೆ ತಳ್ಳಿದೆ. ಓದಲು ಕೊಟ್ಟದ್ದು ಗುರುಗಳಿಗೇ. ಒಂದು ತಿಂಗಳಾದ ಮೇಲೆ ಕರೆಸಿದರು. ಹಸ್ತಪ್ರತಿಯಲ್ಲಿ ಅವರು ಪೆನ್ಸಿಲ್ಲಿನಿಂದ ಬರೀ ಗೆರೆ ಎಳೆದಿದ್ದರು. ಇತಿಹಾಸದ ಭಾಗದಲ್ಲಿ ಒಂದು ವಾಕ್ಯದ ಕೆಳಗೆ ಗೆರೆ, ಪಕ್ಕದಲ್ಲಿ ಕಲೆಯ ಭಾಗದ ಪುಟ ಸಂಖ್ಯೆ. ಅಲ್ಲಿ ಗೆರೆ, ಪಕ್ಕದಲ್ಲಿ ಧರ್ಮದ ಪುಟ ಸಂಖ್ಯೆ. ಅಲ್ಲಿಂದ ಅನುಬಂಧಕ್ಕೆ. ‘ಈ ನಾಲ್ಕು ಕಡೆ ಇರುವುದು ಒಂದೇ ಸಂಗತಿ. ನೀನು ಯಾಕೆ ಕತ್ತರಿಸಿದೆ?’ ಅಂದರು.

ಅವರು ತೋರಿಸಿದ್ದು ಇದು. 1047ರಲ್ಲಿ ಚಾಮುಂಡರಾಯರಸ ಭೇರುಂಡದ ಕಂಬ ನಿಲ್ಲಿಸುತ್ತಾನೆ. ಮರುವರ್ಷ, 1048ರಲ್ಲಿ, ಅವನೇ ಶಾಂತಿನಾಥನ ಜೈನ ಬಸದಿಗೆ ಗದ್ದೆ ಬಿಡುತ್ತಾನೆ. ಆ ಗದ್ದೆಯನ್ನು ಅಳೆದದ್ದು ‘ಭೇರುಂಡ ಗಳೆ’ಯಲ್ಲಿ. ಗಳೆ ಅಂದರೆ ಅಳತೆಕೋಲು. ನಾವು ಮನೆಗೆ ಹಾಕುವ ಬಿದಿರಿನ ಗಳ ಇದೆಯಲ್ಲ, ಅದೇ ಪದ. ಕಂಬದ ಮೇಲಿನ ಹಕ್ಕಿಯ ಹೆಸರು ಅಳತೆಕೋಲಿಗೆ ಬಂದಿದೆ, ಆ ಕೋಲಿನಿಂದ ಬಸದಿಯ ಗದ್ದೆ ಅಳೆದಿದ್ದಾರೆ, ಗದ್ದೆಯ ಲೆಕ್ಕ ಮತ್ತರು ಅನ್ನುವ ಹಳೆಯ ಅಳತೆಯಲ್ಲಿ ಕಲ್ಲಿಗೆ ಏರಿದೆ. ಶಿಲ್ಪ, ಆಳ್ವಿಕೆ, ಧರ್ಮ, ಪದ, ಬೆಳೆ, ಎಲ್ಲ ಒಂದೇ ಕಡೆ ಇವೆ. ನಾನು ಅದನ್ನು ನಾಲ್ಕು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ್ದೆ.

ಬಸ್ಸಿನಲ್ಲಿ ಮನೆಗೆ ಬರುವಾಗ ಹಸ್ತಪ್ರತಿ ತೊಡೆಯ ಮೇಲಿತ್ತು. ನನ್ನ ನಾಲ್ಕು ವರ್ಷದ ಕೆಲಸ. ದುಃಖ ಆಯಿತು. ಆದರೆ ಅವರು ಹೇಳಿದ್ದು ಸರಿ ಅಂತ ಗೊತ್ತಾಗಿತ್ತು.

ಹೊಸದಾಗಿ ಬರೆದೆ. ಈ ಸಲ ಒಂದು ಕಲ್ಲಿಗೆ ಒಂದು ಅಧ್ಯಾಯ. ಕಲ್ಲಿನ ಮುಂದೆ ಕೂತು, ಅದರಲ್ಲಿ ಏನೇನಿದೆಯೋ ಅದನ್ನೆಲ್ಲ ಒಟ್ಟಿಗೆ ಹೇಳುವುದು. ಎಲ್ಲಕ್ಕಿಂತ ದೊಡ್ಡ ಅಧ್ಯಾಯ ಆದದ್ದು ಕೋಡಿಯ ಮಠದ 1162ರ ಶಾಸನ, ರೈಸ್ ಅವರ ಪಟ್ಟಿಯಲ್ಲಿ ಶಿಕಾರಿಪುರ 102.

ಆ ಶಾಸನವನ್ನು ಕನ್ನಡಿಗರೆಲ್ಲ ಒಮ್ಮೆಯಾದರೂ ಓದಬೇಕು ಅನ್ನುವುದು ನನ್ನ ಆಸೆ. ಕಳಚೂರಿ ಬಿಜ್ಜಳನ ಕಾಲ. ಮಠ ಕಾಳಾಮುಖ ಶೈವರದ್ದು, ಕೇದಾರೇಶ್ವರಕ್ಕೆ ಸೇರಿದ್ದು. ಕೆರೆಯ ಕೋಡಿಯ ಹತ್ತಿರ ಇದ್ದದ್ದರಿಂದ ಕೋಡಿಯ ಮಠ. ಅಲ್ಲಿ ಏನೇನು ಓದು ನಡೆಯುತ್ತಿತ್ತು ಅಂತ ಶಾಸನ ಒಂದೇ ಉಸಿರಿನಲ್ಲಿ ಹೇಳುತ್ತಾ ಹೋಗುತ್ತದೆ. ನಾಲ್ಕು ವೇದ. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನ. ಲಾಕುಳ ಸಿದ್ಧಾಂತ, ಪಾತಂಜಲ ಯೋಗ. ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಇಲ್ಲಿ ಶಾಕಟಾಯನ ಅನ್ನುವ ಹೆಸರಿನ ಮುಂದೆ ನಾನು ನಿಂತುಬಿಟ್ಟೆ. ಆತ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜೈನ ವೈಯಾಕರಣ. ಶೈವ ಮಠದಲ್ಲಿ ಜೈನರ ವ್ಯಾಕರಣ, ಬೌದ್ಧರ ದರ್ಶನ. ಮೊದಲ ಹಸ್ತಪ್ರತಿಯಲ್ಲಿ ನಾನು ಇದನ್ನು ‘ಭಾಷೆ’ಯಲ್ಲಿ ಒಂದು ಸಾಲು, ‘ಧರ್ಮ’ದಲ್ಲಿ ಒಂದು ಸಾಲು ಮಾಡಿ ಮುಗಿಸಿದ್ದೆ. ಎರಡನ್ನೂ ಒಟ್ಟಿಗೆ ಇಟ್ಟಾಗ ಅದರ ತೂಕ ಗೊತ್ತಾಯಿತು.

ಆಮೇಲೆ ಊಟದ ಪಟ್ಟಿ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲು ಊದುವವರು, ಕುಣಿಯುವವರು. ಜೈನ ಕ್ಷಪಣಕರು, ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸ ಸಂನ್ಯಾಸಿಗಳು. ಇವರೆಲ್ಲರಿಗೂ ಅನ್ನ. ರೋಗಿಗಳಿಗೆ ಔಷಧಿ. ಎಲ್ಲ ಜೀವಿಗಳಿಗೆ ಅಭಯ ಕೊಡುವ ಜಾಗ ಅಂತಲೂ ಇದೆ.

ವಾದ್ಯ ನುಡಿಸುವವರು! ರಾತ್ರಿ ಹನ್ನೊಂದು ಗಂಟೆ ಇರಬೇಕು. ಆ ಪದದ ಕೆಳಗೆ ಗೆರೆ ಎಳೆದೆ. ಹಿಂದಿನ ಬೆಂಚಿನ ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅಲ್ಲಮನಿಗೇ ಅಲ್ಲಿ ಊಟ ಸಿಕ್ಕಿತು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಯಾವ ಕಲ್ಲೂ ಇಲ್ಲ. ಆದರೆ ಅವನ ಕಾಲದ, ಅವನ ಊರಿನ ವಾದ್ಯಗಾರರಿಗೆ ಊಟ ಹಾಕುವ ಒಂದು ಮನೆ ಇತ್ತು. ಇಷ್ಟನ್ನು ಧೈರ್ಯವಾಗಿ ಬರೆಯಬಹುದು, ಬರೆದೆ.

ಬೇರೆ ಅಧ್ಯಾಯಗಳೂ ಹೀಗೇ ತೆರೆದುಕೊಂಡವು. 1065ರಲ್ಲಿ ರೂಪಭಟ್ಟಯ್ಯ ಜಯಂತಿ ಬೌದ್ಧ ವಿಹಾರ ಕಟ್ಟಿಸಿದ. 1067ರಲ್ಲಿ ನಾಗಿಯಕ್ಕ ಅನ್ನುವ ಹೆಣ್ಣುಮಗಳು ತಾರಾ ಭಗವತಿಯ ಮೂರ್ತಿ ಮಾಡಿಸಿದಳು. ಕರ್ನಾಟಕದಲ್ಲಿ ಬೌದ್ಧ ಧರ್ಮ ಹನ್ನೊಂದನೆಯ ಶತಮಾನದ ಹೊತ್ತಿಗೆ ಮುಗಿದೇ ಹೋಗಿತ್ತು ಅಂದುಕೊಂಡವರಿಗೆ ಈ ಎರಡು ಕಲ್ಲು ಸಾಕು. ಊರಿನಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರ ಮಠಗಳೂ ಇದ್ದವು ಅಂತ ಇನ್ನೊಂದು ಶಾಸನ ಹೆಮ್ಮೆಯಿಂದ ಹೇಳುತ್ತದೆ. ಎಲ್ಲವೂ ಸದಾ ಸಿಹಿಯಾಗಿಯೇ ಇತ್ತು ಅಂತ ಇದರಿಂದ ಹೇಳಲಾಗದು. ಆ ಕಾಲದಲ್ಲಿ ವಾದ, ಪೈಪೋಟಿ ಎಲ್ಲ ಇದ್ದವು. ಆದರೆ ಒಂದು ಊರು ತನ್ನ ಹೊಗಳಿಕೆಗೆ ಆರಿಸಿಕೊಂಡ ಮಾತು ಇದು. ಅದನ್ನು ಸಣ್ಣದು ಮಾಡಬಾರದು.

ಶಿಲ್ಪಿಗಳ ಅಧ್ಯಾಯಕ್ಕೆ ನಾನು ಬೇಲೂರಿಗೆ ಹೋಗಬೇಕಾಯಿತು. ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಅಲ್ಲಿನ ಚೆನ್ನಕೇಶವ ಗುಡಿಯ ಮದನಿಕೆಯರ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಗುಡಿ 1117ರದ್ದು. ಅಪ್ಪ, ಮಗ ಉಳಿ, ಸುತ್ತಿಗೆ ಹೊತ್ತುಕೊಂಡು ಶಿಕಾರಿಪುರದ ಕಡೆಯಿಂದ ಬೇಲೂರಿನವರೆಗೆ ಬಂದವರು. ಪ್ರವಾಸಿಗರ ನಡುವೆ ಕತ್ತು ಎತ್ತಿ ಆ ಸಣ್ಣ ಅಕ್ಷರ ಓದುತ್ತಾ ನಿಂತಾಗ ಪಕ್ಕದಲ್ಲಿದ್ದ ಗೈಡ್ ಒಬ್ಬರು ‘ಏನು ಹುಡುಕ್ತಿದೀರಿ?’ ಅಂದರು. ‘ನಮ್ಮ ಕಡೆಯವರ ಹೆಸರು’ ಅಂದೆ.

ಪ್ರಕಾಶಕರ ಕಥೆ ಉದ್ದ ಮಾಡುವುದಿಲ್ಲ. ಮೊದಲು ಒಪ್ಪಿಕೊಂಡ ಒಂದು ಪ್ರಕಾಶನ ಹದಿನಾಲ್ಕು ತಿಂಗಳು ಹಸ್ತಪ್ರತಿ ಇಟ್ಟುಕೊಂಡಿತು. ಆಮೇಲೆ ಶಾಸನದ ಮೂಲಪಾಠ ಎಲ್ಲ ತೆಗೆದುಬಿಡಿ, ಕಥೆ ಮಾತ್ರ ಇರಲಿ, ಹಾಗಾದರೆ ಮಾಡೋಣ ಅಂದಿತು. ಮೂಲಪಾಠ ತೆಗೆದರೆ ಓದುಗರು ನನ್ನ ತಪ್ಪನ್ನು ಹಿಡಿಯುವುದು ಹೇಗೆ? ನಾನು ಒಪ್ಪಲಿಲ್ಲ, ವಾಪಸ್ ತೆಗೆದುಕೊಂಡೆ. ಕೊನೆಗೆ ಸಣ್ಣದೊಂದು ಪ್ರಕಾಶನ ಮುಂದೆ ಬಂತು. ಐನೂರು ಪ್ರತಿ. ಮೂಲಪಾಠ ಇರಲಿ, ಪಡಿಯಚ್ಚಿನ ಚಿತ್ರಗಳೂ ಇರಲಿ ಅಂದರು. ಅವರಿಗೆ ನಾನು ಋಣಿ.

ಆದರೆ ಪುಟ ಕಟ್ಟುವಾಗ ೞ ಮತ್ತೆ ಎದುರಾಯಿತು. ಡಿಟಿಪಿಯವರು ಹಳೆಯ ಪದ್ಧತಿಯ ಫಾಂಟ್ ಬಳಸುತ್ತಿದ್ದರು. ಯೂನಿಕೋಡಿನಲ್ಲಿ ನಾನು ಕೊಟ್ಟ ಪಠ್ಯವನ್ನು ಅದಕ್ಕೆ ಬದಲಾಯಿಸಿದಾಗ ೞ, ಇನ್ನೊಂದು ಹಳೆಯ ಅಕ್ಷರ ಱ ಇದ್ದ ಕಡೆಯೆಲ್ಲ ಖಾಲಿ ಚೌಕ ಬಂದಿತ್ತು. ಕೆಲವು ಕಡೆ ಚೌಕವೂ ಇಲ್ಲ, ‘ಗ್ದೆ’ ಅಂತ ಸುಮ್ನೆ ಉಳಿದಿತ್ತು. ‘ಳ ಹಾಕ್ಬಿಡೋಣ ಮೇಡಂ, ಯಾರಿಗೆ ಗೊತ್ತಾಗುತ್ತೆ?’ ಅಂದರು. ಒಳ್ಳೆಯ ಹುಡುಗ, ಕೆಲಸ ಮುಗಿಸುವ ಅವಸರ ಅವರಿಗೆ. ನಾನು ಪಡಿಯಚ್ಚು ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಹರಡಿದೆ. ಈ ಅಕ್ಷರವನ್ನು ಒಬ್ಬ ಮನುಷ್ಯ ಕೂತು ಕಲ್ಲಿನಲ್ಲಿ ಕೊರೆದಿದ್ದಾನೆ, ನೋಡಿ ಅಂದೆ. ಅವರು ತುಂಬಾ ಹೊತ್ತು ನೋಡಿದರು. ಮರುದಿನ ಇಡೀ ಪುಸ್ತಕವನ್ನು ಯೂನಿಕೋಡ್ ಫಾಂಟಿನಲ್ಲೇ ಮೊದಲಿನಿಂದ ಕಟ್ಟಲು ಕೂತರು. ಹೆಚ್ಚಿನ ಹಣ ಕೇಳಲಿಲ್ಲ, ನಾನೇ ಒತ್ತಾಯ ಮಾಡಿ ಕೊಟ್ಟೆ.

ಅವರೇ ಒಂದು ವಿಷಯ ಹುಡುಕಿ ತೋರಿಸಿದರು. ಯೂನಿಕೋಡ್ ಪಟ್ಟಿಯಲ್ಲಿ ೞ ಇದೆ. ಆದರೆ ಪಟ್ಟಿ ಮಾಡುವಾಗ ಅದಕ್ಕೆ ತಪ್ಪಾಗಿ ‘FA’ (ಫ಼) ಅನ್ನುವ ಹೆಸರು ಬಿದ್ದುಬಿಟ್ಟಿದೆ. ಅಲ್ಲಿ ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಹಾಗಿಲ್ಲವಂತೆ. ಅದಕ್ಕೇ ತಿದ್ದಿದ ಹೆಸರನ್ನು ಪಕ್ಕದಲ್ಲಿ ಸೇರಿಸಿಟ್ಟಿದ್ದಾರೆ. ಕೇಶಿರಾಜನ ಕಾಲದಲ್ಲಿ ಜನ ಮರೆತಿದ್ದ ಅಕ್ಷರ ನಮ್ಮ ಕಾಲದಲ್ಲೂ ತಪ್ಪು ಹೆಸರು ಹೊತ್ತುಕೊಂಡು ಓಡಾಡುತ್ತಿದೆ. ಆದರೂ ಜಾಗ ಸಿಕ್ಕಿದೆಯಲ್ಲ, ಅದು ಸಂತೋಷ.

ಪದಸೂಚಿ ನಾನೇ ಮಾಡಿದೆ. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. ಕನ್ನಡದಲ್ಲಿ ಬರುವ ಎಷ್ಟೋ ಸಂಶೋಧನಾ ಪುಸ್ತಕಗಳಿಗೆ ಪದಸೂಚಿ ಇರುವುದಿಲ್ಲ. ಹತ್ತು ವರ್ಷ ದುಡಿದು ಬರೆದಿರುತ್ತಾರೆ, ಕೊನೆಯ ಹತ್ತು ಪುಟಕ್ಕೆ ಅವಸರ ಮಾಡುತ್ತಾರೆ. ಪದಸೂಚಿ ಇಲ್ಲದ ಪುಸ್ತಕದಲ್ಲಿ ಬೇಕಾದ್ದು ಹುಡುಕುವುದು ಅಂದರೆ ಕತ್ತಲೆ ಅಟ್ಟದಲ್ಲಿ ಪಾತ್ರೆ ಹುಡುಕಿದ ಹಾಗೆ. ಪುಟ ಸಂಖ್ಯೆ ನಿಂತ ಮೇಲೆ ಹತ್ತೊಂಬತ್ತು ದಿನ ಕೂತೆ. ಮತ್ತರು, ಕಮ್ಮ, ಗದ್ಯಾಣ, ಪಣ, ಹಾಗ, ವಿಸ ಎಲ್ಲ ಅಳತೆ, ನಾಣ್ಯಗಳು. ಅಯ್ಯಾವೊಳೆ ಐನೂರ್ವರು, ಮುಮ್ಮುರಿದಂಡ ಅನ್ನುವ ವರ್ತಕರ ಕೂಟಗಳು. ಊರಿನ ಹೆಸರು, ಕೆರೆಯ ಹೆಸರು, ಹೆಂಗಸರ ಹೆಸರು. ಹೆಂಗಸರ ಹೆಸರಿಗೆ ಬೇರೆಯೇ ಪಟ್ಟಿ ಮಾಡಿದೆ. ನಾನು ಎಣಿಸಿದ್ದಕ್ಕಿಂತ ಜಾಸ್ತಿ ಬಂದವು.

ಬಿಡುಗಡೆಯ ಸಮಾರಂಭ ಮಾಡಲಿಲ್ಲ. ಗುರುಗಳ ಮನೆಗೆ ಹೋಗಿ ಮೊದಲ ಪ್ರತಿ ಕೊಟ್ಟೆ. ಅವರ ಕಣ್ಣು ಈಗ ಮಂಜು. 61ನೇ ಪುಟ ಓದಿ ಹೇಳು ಅಂದರು, ಓದಿದೆ. ಮುಂದಿನ ಭಾನುವಾರ ಹತ್ತು ಪ್ರತಿ ಚೀಲದಲ್ಲಿ ಹಾಕಿಕೊಂಡು ಬಳ್ಳಿಗಾವಿಗೆ ಹೋದೆ. ವೀರಗಲ್ಲಿನ ಗದ್ದೆಯ ಯಜಮಾನರು ಅಮ್ಮನನ್ನೂ ಕರೆದುಕೊಂಡು ಬಂದಿದ್ದರು. ಕಲ್ಲಿನ ಫೋಟೋ ಪುಸ್ತಕದಲ್ಲಿ ನೋಡಿ ಅಜ್ಜಿ ಕಣ್ಣಿಗೆ ಒತ್ತಿಕೊಂಡರು. ಇನ್ನು ಎಣ್ಣೆ ಬೇಡ ಅಜ್ಜಿ, ಹೂವು ಇಡ್ರಿ ಸಾಕು ಅಂದೆ. ಆಯ್ತು ಅಂದರು.

ಕೇದಾರೇಶ್ವರದ ಕಟ್ಟೆಯ ಮೇಲೆ ಊರಿನ ಹತ್ತಿಪ್ಪತ್ತು ಜನ ಕೂತರು. ಕೋಡಿ ಎಲ್ಲಿ ಬೀಳುತ್ತದೆ ಅಂತ ಅವರೇ ಕೆರೆಯ ಕಡೆ ಕೈ ತೋರಿಸಿ ಹೇಳಿದರು. ‘ಶಾಸನದಲ್ಲಿ ಏನೈತಿ, ಓದ್ರಿ’ ಅಂದರು. 1162ರ ಕಲ್ಲಿನ ಪಾಠವನ್ನು ಮೆಲ್ಲಗೆ, ಪದ ಬಿಡಿಸಿ ಓದಿದೆ. ವ್ಯಾಕರಣದ ಸಾಲುಗಳು ಬಂದಾಗ ಎಲ್ಲರೂ ಸುಮ್ಮನೆ ಇದ್ದರು. ಊಟದ ಪಟ್ಟಿ ಬಂದಾಗ ಮುಂದೆ ಕೂತಿದ್ದ ಒಬ್ಬ ಹುಡುಗ ಕೈ ಎತ್ತಿದ.

‘ವಾಂಶಿಕ ಅಂದ್ರೆ?’

‘ಕೊಳಲು ಊದುವವರು.’

‘ಅವ್ರಿಗೂ ಊಟ ಇತ್ತಾ?’

ಇತ್ತು ಅಂದೆ. ಅವನು ಪಕ್ಕದವನ ಮುಖ ನೋಡಿದ. ನಾನು ಮುಂದಿನ ಪದ ಓದಿದೆ, ಕುಣಿಯುವವರು.